ನೆಲ ಮರೆಯದ ಅಣಬೆ

ಬಹಳ ಬಹಳ ಹಿಂದೆ, ನನ್ನ ಮುತ್ತಜ್ಜನ ಮುತ್ತಜ್ಜನ ಮೀಸೆ ಇನ್ನೂ ಕಪ್ಪಗಿದ್ದ ಕಾಲದಲ್ಲಿ, ಏಳು ಕಾಡುಗಳ ನಡುವೆ ತೇಗೂರು ಎಂಬ ರಾಜ್ಯವಿತ್ತು. ಅಲ್ಲಿ ಕಲ್ಲು ಎಂಬುದೇ ಇರಲಿಲ್ಲ. ಕೋಟೆ ಮರದ್ದು, ಅರಮನೆ ಮರದ್ದು, ರಾಜನ ಕಿರೀಟವೂ ಮರದ್ದು. ರಾಜ ಸೀನಿದರೆ ಕಿರೀಟ ಉರುಳಿದ ಸದ್ದು ಮೂರು ಊರಿಗೆ ಕೇಳುತ್ತಿತ್ತು. ಇದರಲ್ಲಿ ಒಂದು ಮಾತು ಸುಳ್ಳಾದರೂ ನನ್ನ ಮೀಸೆ ಬೋಳಿಸಿಬಿಡಿ. ಸದ್ಯಕ್ಕೆ ನನಗೆ ಮೀಸೆಯಿಲ್ಲ, ಆ ಮಾತು ಬೇರೆ.

ಆ ಊರಲ್ಲಿ ಬೊಮ್ಮಾಚಾರಿ ಎಂಬ ಬಡಗಿಯಿದ್ದ. ಕೆಲಸದಲ್ಲಿ ಗಟ್ಟಿಗ. ಕಿವಿ ಮಾತ್ರ ಸ್ವಲ್ಪ ಮಂದ. ಕೇಳಿಸುತ್ತಿರಲಿಲ್ಲ ಎಂದಲ್ಲ, ಕೇಳಿಸಿಕೊಳ್ಳುತ್ತಿರಲಿಲ್ಲ. ಅವನ ಹೆಂಡತಿ ನೀಲಾಜಿ. ಅವಳ ಕಿವಿಯ ವಿಷಯ ಹೇಳಿದರೆ ನೀವು ನಂಬುವುದಿಲ್ಲ, ಆದರೂ ಹೇಳುತ್ತೇನೆ. ಅವಳು ಸುತ್ತಿಗೆಯಂಥ ಹುಣಸೆಮರದ ಕೊಡತಿಯಿಂದ ಯಾವುದೇ ಕಂಬವನ್ನು ಮೆಲ್ಲಗೆ ತಟ್ಟಿ, ಕಿವಿಯಿಟ್ಟು, ಒಳಗೆ ಗಟ್ಟಿಯೋ ಪೊಳ್ಳೋ, ಕೊಳೆತಿದ್ದರೆ ಎಷ್ಟು ಕೊಳೆತಿದೆ, ಯಾವ ಅಣಬೆ ತಿಂದಿದೆ ಎಂದು ಹೇಳಿಬಿಡುತ್ತಿದ್ದಳು. ತೇಗೂರಿನಲ್ಲಿ ಅವಳು ತಟ್ಟದೆ ಒಂದು ತೊಲೆಯೂ ಮೇಲೇರುತ್ತಿರಲಿಲ್ಲ.

ಮನೆಯಲ್ಲೂ ಅದೇ ಕೊಡತಿ. ಅಡುಗೆಯಾದ ಕೂಡಲೇ ಬಾಗಿಲ ಚೌಕಟ್ಟಿಗೆ ಮೂರು ಸಲ ತಟ್ಟುತ್ತಿದ್ದಳು. ಟಕ್, ಟಕ್, ಟಕ್. ಊಟಕ್ಕೆ ಬನ್ನಿ ಎಂದರ್ಥ. ಅದೊಂದು ಸದ್ದು ಮಾತ್ರ ಬೊಮ್ಮಾಚಾರಿಗೆ ಎರಡು ಬೀದಿ ಆಚೆಯಿದ್ದರೂ ಕೇಳಿಸುತ್ತಿತ್ತು.

ಅವನು ಉಣ್ಣುವಾಗ ಅವಳು ಅಣಬೆಯ ಮಾತು ತೆಗೆಯುತ್ತಿದ್ದಳು. ಮಳೆಗೆ ನೆಲದಿಂದ ಏಳುವ ಕೊಡೆ ಅಣಬೆಯಲ್ಲ. ಗೋಡೆಗೆ ಹಲಗೆ ಹೊಡೆದಂತೆ ಮರದ ಮೈಗೆ ಅಂಟಿಕೊಂಡು, ಮರದಷ್ಟೇ ಗಟ್ಟಿಯಾಗಿ ಬೆಳೆಯುವ ಹಲಗೆ ಅಣಬೆ.

"ಉಣ್ಣುವಾಗ ಕೊಳೆತದ್ದರ ಮಾತು ಯಾಕೆ ಕಣೇ, ಸಾರು ಬಡಿಸು" ಎನ್ನುತ್ತಿದ್ದ ಅವನು.

"ಕೇಳಿಸಿಕೊಳ್ಳಿ. ಮುಂದೆ ಯಾವತ್ತಾದರೂ ಬೇಕಾದೀತು."

"ಹೂಂ ಹೂಂ" ಎಂದು ಅವನು ಸಾರು ಸುರಿಯುತ್ತಿದ್ದ.

ಹೀಗಿರುವಾಗ ಬಿರುಗಣ್ಣ ಎಂಬ ಮಂತ್ರವಾದಿ ತೇಗೂರಿಗೆ ಬಂದ. ಚಿನ್ನದ ತಗಡು ಹೊದಿಸಿದ ಒಂದು ಭಾರಿ ಕಂಬವನ್ನು ತಂದು ಆಸ್ಥಾನದ ನಡುವೆ ನಿಲ್ಲಿಸಿದ. "ಈ ಕಂಬ ನಿಂತಿರುವವರೆಗೆ ನಾನು ಹೇಳಿದ್ದೇ ಇಲ್ಲಿ ಕಾನೂನು" ಎಂದ. ಎದುರು ಮಾತಾಡಿದ ಸೇನಾಪತಿಯನ್ನು ಗಿಡ್ಡ ಕಾಲಿನ ಮಣೆ ಮಾಡಿ, ಅವನ ಮೇಲೆಯೇ ಕೂತ. ಆಮೇಲೆ ಯಾರೂ ಎದುರು ಮಾತಾಡಲಿಲ್ಲ.

ರಾಜ ಗುಟ್ಟಾಗಿ ನೀಲಾಜಿಯನ್ನು ಕರೆಸಿ, "ತಾಯಿ, ಆ ಕಂಬದೊಳಗೆ ಏನಿದೆ ನೋಡು" ಎಂದ. ನೀಲಾಜಿ ಕಂಬವನ್ನು ತಟ್ಟಿ ಕಿವಿಯಿಟ್ಟಳು. ಅವಳ ಮುಖ ಬಿಳಿಚಿತು. ಬಾಯಿ ತೆರೆಯುವಷ್ಟರಲ್ಲಿ ಬಿರುಗಣ್ಣ ಹಿಂದೆ ನಿಂತಿದ್ದ.

"ಮರದ ಒಳಗುಟ್ಟು ಕೇಳುವ ಆಸೆಯಲ್ಲವೇ ನಿನಗೆ? ಒಳಗೇ ಇದ್ದು ಕೇಳು" ಎಂದು ಬೂದಿ ಊದಿದ. ನೀಲಾಜಿ ಹೊಗೆಯಾಗಿ, ಊರಾಚೆಯ ಸಾವಿರ ವರ್ಷದ ಹೊನ್ನೆಮರದೊಳಗೆ ಸೇರಿಹೋದಳು. ಕೊಡತಿಯೂ ಅವಳ ಜೊತೆಗೇ ಹೋಯಿತು.

ಬೊಮ್ಮಾಚಾರಿ ಕೊಡಲಿ ಹಿಡಿದು ಓಡಿದ. ಒಂದೇ ಏಟು ಹಾಕಿದ. ಹೊನ್ನೆಮರ ಕಡಿದರೆ ಕೆಂಪು ಹಾಲು ಸುರಿಯುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೆ ಅವತ್ತು ಹಾಲಿನ ಜೊತೆಗೆ ನೀಲಾಜಿ ನರಳಿದ್ದೂ ಕೇಳಿಸಿತು. ಅವನು ಕೊಡಲಿಯನ್ನು ಕೆರೆಗೆ ಎಸೆದು, ಆ ಗಾಯಕ್ಕೆ ತನ್ನ ಪೇಟ ಸುತ್ತಿ, ಬುಡದಲ್ಲಿ ಕೂತುಬಿಟ್ಟ. ಕಬ್ಬಿಣ ಮುಟ್ಟಿದರೆ ಅವಳಿಗೆ ಏಟು, ಬೆಂಕಿಯಿಟ್ಟರೆ ಅವಳಿಗೆ ಉರಿ. ಮತ್ತೆ ಹೇಗೆ?

ಸೂರ್ಯ ನೆತ್ತಿಗೆ ಬಂದಾಗ ಒಳಗಿನಿಂದ ಬಹಳ ಸಣ್ಣಗೆ ಕೇಳಿಸಿತು. ಟಕ್, ಟಕ್, ಟಕ್.

"ಅಯ್ಯೋ ಮಾರಾಯ್ತಿ, ಊಟದ ಹೊತ್ತು ನಿನಗೆ ಅಲ್ಲೂ ತಿಳಿಯಿತೇ" ಎಂದು ಅವನು ಮರವನ್ನು ತಬ್ಬಿಕೊಂಡು ಅತ್ತ.

ಮೇಲಿನ ಕೊಂಬೆಯಿಂದ ಒಂದು ಗಂಡು ಮಂಗಟ್ಟೆ ಹಕ್ಕಿ ಕೇಳಿತು. "ಯಾಕಪ್ಪ ಅಳುತ್ತೀಯ?"

"ನನ್ನ ಹೆಂಡತಿ ಮರದೊಳಗಿದ್ದಾಳೆ."

"ಅಷ್ಟೇ ತಾನೇ? ನನ್ನವಳೂ ಮರದೊಳಗೇ ಇದ್ದಾಳೆ. ಪೊಟರೆಯಲ್ಲಿ ಮೊಟ್ಟೆಯಿಟ್ಟು, ಬಾಗಿಲಿಗೆ ಮಣ್ಣು ಮೆತ್ತಿಕೊಂಡು ಕೂತಿದ್ದಾಳೆ. ಮೂರು ತಿಂಗಳಿಂದ ಬಿರುಕಿನಲ್ಲಿ ಹಣ್ಣು ತುರುಕಿ ತುರುಕಿ ನನ್ನ ಕೊಕ್ಕು ಸವೆದಿದೆ."

"ಆ ಪೊಟರೆ ಕೊರೆದವರು ಯಾರು?"

"ನನ್ನ ಕೊಕ್ಕಿಗೆ ಅಷ್ಟು ಶಕ್ತಿಯೆಲ್ಲಿ? ಹಲಗೆ ಅಣಬೆ ಮಾಡಿಕೊಟ್ಟದ್ದು. ಮರದ ನಡುವಿನ ಚೇಗು ಸತ್ತದ್ದು, ಜೀವವೆಲ್ಲ ತೊಗಟೆಯ ಕೆಳಗಿರುತ್ತದೆ. ಆ ಅಣಬೆ ಸತ್ತದ್ದನ್ನು ತಿಂದು ಜೀವವನ್ನು ಬಿಡುತ್ತದೆ. ಮರವೂ ಉಳಿಯಿತು, ಮನೆಯೂ ಆಯಿತು. ಅದರ ತಾಯಿ ಅಣಬೆ ಮಾಯದ ಕಾಡಿನಲ್ಲಿದೆ. ಮೂರು ಬಾಗಿಲು ದಾಟಬೇಕು. ಆದರೆ ನಿನಗೆ ಅಣಬೆಯ ವಿಷಯ ಏನಾದರೂ ಗೊತ್ತೇ?"

ಬೊಮ್ಮಾಚಾರಿ ತಲೆ ಕೆರೆದುಕೊಂಡ. "ಅರ್ಧ ಗೊತ್ತು" ಎಂದ. ಅದೂ ಸ್ವಲ್ಪ ಜಾಸ್ತಿಯೇ ಹೇಳಿದ್ದು.

ಮೊದಲ ಬಾಗಿಲಲ್ಲಿ ಒಂದು ಕರಡಿ ಕೂತಿತ್ತು. ಎಷ್ಟು ದೊಡ್ಡದು ಎಂದರೆ ಅದರ ಕಿವಿಯಲ್ಲಿ ಗುಬ್ಬಿಗಳ ಸಂತೆ ನಡೆಯುತ್ತಿತ್ತು. ಅದರ ಹಿಂದೆ ಒಂದು ಮರ. ಮರದ ತುಂಬ ಸಾವಿರ ಅಣಬೆ, ಎಲ್ಲವೂ ಹಲಗೆಯ ಹಾಗೆಯೇ ಅಂಟಿಕೊಂಡಿದ್ದವು.

"ಲೋ ಆಚಾರಿ, ಇದರಲ್ಲಿ ಒಂದೇ ನಿಜವಾದ ಹಲಗೆ ಅಣಬೆ. ಉಳಿದವೆಲ್ಲ ವೇಷ ಹಾಕಿದ ಕೊಡೆ ಅಣಬೆ. ತಪ್ಪಾದದ್ದನ್ನು ಮುಟ್ಟಿದರೆ ಸಾವಿರದ ಒಂದನೆಯದು ನೀನೇ" ಎಂದಿತು ಕರಡಿ.

ಬೊಮ್ಮಾಚಾರಿ ಬಣ್ಣ ನೋಡಿದ, ಎಲ್ಲ ಒಂದೇ. ಆಕಾರ ನೋಡಿದ, ಎಲ್ಲ ಒಂದೇ. ಕಣ್ಣು ಮುಚ್ಚಿ ತನ್ನ ಊಟದ ಮಣೆಯನ್ನು ನೆನೆದ. ಹುರುಳಿ ಸಾರು, ಮುದ್ದೆ, ಎದುರಿಗೆ ನೀಲಾಜಿ. ಅವಳು ಏನೋ ಹೇಳುತ್ತಿದ್ದಳಲ್ಲ... "ನೆತ್ತಿ ನೋಡಿ ಮರುಳಾಗಬೇಡಿ, ಅಡಿ ನೋಡಿ. ಕೊಡೆ ಅಣಬೆಯ ಅಡಿಯಲ್ಲಿ ಪುಸ್ತಕದ ಹಾಳೆಯ ಹಾಗೆ ಪದರ ಪದರ. ನನ್ನ ಹಲಗೆ ಅಣಬೆಯ ಅಡಿಯಲ್ಲಿ ಸೂಜಿಯಿಂದ ಚುಚ್ಚಿದ ಹಾಗೆ ಸಣ್ಣ ಸಣ್ಣ ತೂತು."

ಅವನು ಮರದ ಬುಡದಲ್ಲಿ ಅಂಗಾತ ಮಲಗಿ, ತೆವಳುತ್ತ ಒಂದೊಂದರ ಅಡಿಯನ್ನೂ ನೋಡಿದ. ಹಾಳೆ, ಹಾಳೆ, ಹಾಳೆ. ಸಂಜೆಯ ಹೊತ್ತಿಗೆ ಒಂದರ ಅಡಿಯಲ್ಲಿ ಸೂಜಿತೂತು ಕಂಡಿತು. "ಇದು" ಎಂದ.

ಕರಡಿ ಎದ್ದು ದಾರಿ ಬಿಟ್ಟಿತು. "ನೂರು ವರ್ಷದಲ್ಲಿ ಬಗ್ಗಿ ನೋಡಿದವನು ನೀನೊಬ್ಬನೇ" ಎಂದಿತು.

ಎರಡನೆಯ ಬಾಗಿಲಲ್ಲಿ ಎರಡು ತಲೆಯ ಉಡ. ಎರಡು ತಲೆಗೂ ಒಂದಕ್ಕೊಂದು ಆಗದು. ಅದರ ಎರಡು ಪಕ್ಕದಲ್ಲಿ ಎರಡು ಕೊಳೆತ ಮರ.

ಬಲದ ತಲೆ ಹೇಳಿತು, "ನನ್ನ ದಾರಿ ಹಿಡಿ. ನನ್ನ ಅಣಬೆ ಮೂರೇ ದಿನದಲ್ಲಿ ಮರ ತಿಂದು ಮುಗಿಸುತ್ತದೆ. ನಾಲ್ಕನೆಯ ದಿನ ಹೆಂಡತಿಯ ಕೈಯಡುಗೆ ಉಣ್ಣು."

ಎಡದ ತಲೆ ಹೇಳಿತು, "ನನ್ನ ಅಣಬೆಗೆ ವರ್ಷಗಟ್ಟಲೆ ಬೇಕು. ಆತುರವಿದ್ದರೆ ಇತ್ತ ಬರಬೇಡ."

ಮೂರು ದಿನ ಎಂದಾಗ ಬೊಮ್ಮಾಚಾರಿಯ ಕಾಲು ತಾನಾಗಿಯೇ ಬಲಕ್ಕೆ ತಿರುಗಿತು. ಬಲದ ಮರವನ್ನು ಮುಟ್ಟಿದ. ಮರ ಕಂದುಬಣ್ಣಕ್ಕೆ ತಿರುಗಿ, ಇಟ್ಟಿಗೆ ಇಟ್ಟಿಗೆಯಾಗಿ ಬಿರುಕು ಬಿಟ್ಟಿತ್ತು. ಬೆರಳಿಟ್ಟರೆ ಹಿಟ್ಟು. ಅದನ್ನು ಕಂಡದ್ದೇ ಅವನ ಸೊಂಟ ಚಳಕ್ ಎಂದಿತು.

ಆ ಸೊಂಟಕ್ಕೊಂದು ಕತೆಯಿದೆ. ಅವನು ತನ್ನ ಮದುವೆಗೆ ತಾನೇ ಮಂಚ ಮಾಡಿದ್ದ. ಮದುಮಗಳು ನೀಲಾಜಿ ಅದನ್ನು ಒಮ್ಮೆ ತಟ್ಟಿ, "ಇದು ಕಂದುಕೊಳೆ ಹಿಡಿದ ಮರ. ಆ ಅಣಬೆ ಮರದ ಬಲವನ್ನೇ ತಿಂದು ಬರೀ ಕಂದು ಇಟ್ಟಿಗೆ ಉಳಿಸುತ್ತದೆ, ಕೂರಬೇಡಿ" ಎಂದಿದ್ದಳು. "ನಾನು ಮಾಡಿದ ಮಂಚ" ಎಂದು ಅವನು ಎದೆಯುಬ್ಬಿಸಿ ಕೂತ. ಆಮೇಲೆ ಒಂದು ತಿಂಗಳು ಸೊಂಟಕ್ಕೆ ಎಣ್ಣೆ ತಿಕ್ಕಿದವಳೂ ಅವಳೇ. ತಿಕ್ಕುತ್ತ ಹೇಳಿದ್ದಳು, "ಬಿಳಿಕೊಳೆ ಹಾಗಲ್ಲ. ಅದು ಮರವನ್ನು ಹತ್ತಿಯ ಎಳೆಯ ಹಾಗೆ ಬಿಡಿಸುತ್ತ, ಮೆತ್ತಗೆ ತಿನ್ನುತ್ತದೆ. ಏನನ್ನೂ ಕುಸಿಯಗೊಡುವುದಿಲ್ಲ."

ಅವನು ಸೊಂಟ ಹಿಡಿದುಕೊಂಡೇ ಎಡಕ್ಕೆ ತಿರುಗಿದ. "ಮೂರು ದಿನದಲ್ಲಿ ಮರ ಕುಸಿದರೆ ಒಳಗಿರುವ ನನ್ನವಳ ಗತಿಯೇನು? ವರ್ಷಗಳಾದರೂ ಆಗಲಿ."

ಎಡದ ತಲೆ ದಾರಿ ಬಿಟ್ಟಿತು. ಬಲದ ತಲೆಗೆ ಮುಖಭಂಗವಾಯಿತು. "ನನ್ನದೂ ಒಂದು ಚೂರು ಇಟ್ಟುಕೊಳ್ಳೋ, ನಾನೂ ಪ್ರಯೋಜನಕ್ಕೆ ಬಂದೇನು" ಎಂದು ಗೋಗರೆಯಿತು. ಪಾಪ ಎನ್ನಿಸಿ, ಬೊಮ್ಮಾಚಾರಿ ಆ ಕಂದುಕೊಳೆಯ ಅಣಬೆಯ ಚೂರನ್ನು ಸೊಂಟದ ಚೀಲಕ್ಕೆ ಹಾಕಿಕೊಂಡ.

ಮೂರನೆಯ ಬಾಗಿಲಲ್ಲಿ ಸ್ವತಃ ಬಿರುಗಣ್ಣನೇ ನಿಂತಿದ್ದ. ಅವನ ಮುಂದೆ ನೆಲಕ್ಕುರುಳಿದ ಒಂದು ಮಹಾಮರ, ಅದರ ಮೇಲೆ ಮೂರು ಅಣಬೆ. ಎರಡು ಅರಗು ಬಳಿದಂತೆ ಮಿರುಗುತ್ತಿದ್ದವು, ಕುದುರೆಯ ಗೊರಸಿನಂತೆ ಚೆಂದಾಗಿದ್ದವು. ಮೂರನೆಯದು ಕುತ್ತಿಗೆ ಉಳುಕಿದಂತೆ ಸೊಟ್ಟ, ಮೇಲೆಲ್ಲ ಧೂಳು.

"ಒಂದು ತಾಯಿ ಅಣಬೆ, ಎರಡು ನನ್ನ ಮಂತ್ರದ ಮಕ್ಕಳು" ಎಂದ ಬಿರುಗಣ್ಣ. "ಆರಿಸಿಕೋ. ತಪ್ಪಿದರೆ ನಿನ್ನನ್ನೂ ಒಂದು ಮರದೊಳಗೆ ಹಾಕುತ್ತೇನೆ. ಅವಳಿರುವ ಮರಕ್ಕಲ್ಲ, ಬಲು ದೂರದ ಮರಕ್ಕೆ."

ಬೊಮ್ಮಾಚಾರಿ ಬಗ್ಗಿ ನೋಡಿದ. ಮೂರಕ್ಕೂ ಸೂಜಿತೂತು. ಮರ ಕೆರೆದು ನೋಡಿದ. ಸುತ್ತಲೂ ಬಿಳಿಕೊಳೆ. ಕಣ್ಣು ಮುಚ್ಚಿದ. ಮುದ್ದೆ ನೆನಪಾಯಿತು, ಸಾರು ನೆನಪಾಯಿತು, ಮಾತು ನೆನಪಾಗಲಿಲ್ಲ. ಅವಳು ಅದನ್ನು ಹೇಳಿದ ದಿನ ಅವನು ನಿಜವಾಗಿಯೂ ಕೇಳಿಸಿಕೊಂಡಿರಲಿಲ್ಲ.

ಅವನಿಗೆ ದುಃಖ ಉಕ್ಕಿಬಂತು. "ನೀಲಾ, ತಪ್ಪಾಯಿತು ಕಣೇ. ಸಾರು ಬಡಿಸುವುದೊಂದೇ ಕೇಳಿಸಿಕೊಂಡೆ" ಎಂದು ಮರದ ಮೇಲೆ ತಲೆಯಿಟ್ಟ. ತಲೆಯಿಟ್ಟಾಗ ಆ ಸೊಟ್ಟ ಅಣಬೆ ಕಣ್ಣಿಗೆ ತೀರ ಹತ್ತಿರವಾಯಿತು. ಕೇಳಿಸಿಕೊಳ್ಳದವನು ಆಗ ಮೊದಲ ಸಲ ನಿಧಾನವಾಗಿ ನೋಡಿದ.

ಅದರ ಅಂಚಿನಲ್ಲಿ ವರ್ಷಕ್ಕೊಂದರಂತೆ ಬಳೆ ಬಳೆಯಾಗಿ ಪದರಗಳಿದ್ದವು. ಹಳೆಯ ಪದರಗಳೆಲ್ಲ ಮರ ನಿಂತಿದ್ದಾಗಿನವು. ಅವುಗಳ ತೂತಿನ ಮುಖ ಈಗ ಅಡ್ಡಕ್ಕಿತ್ತು. ಮರ ಬಿದ್ದಮೇಲೆ ಬಂದ ಹೊಸ ಪದರಗಳು ಮಾತ್ರ ಕಷ್ಟಪಟ್ಟು ಹೊರಳಿ, ಮತ್ತೆ ನೆಲದತ್ತ ಮುಖ ಮಾಡಿದ್ದವು. ಅದಕ್ಕೇ ಅದು ಸೊಟ್ಟ. ಮಿರುಗುವ ಎರಡಕ್ಕೂ ಮುಖ ಅಡ್ಡಕ್ಕೇ ಇತ್ತು. ಅವುಗಳಿಗೆ ನೆಲ ಎಲ್ಲಿದೆ ಎಂಬುದೇ ಗೊತ್ತಿರಲಿಲ್ಲ. ಮಂತ್ರವಾದಿ ಚೆಂದ ಮಾಡುವುದನ್ನು ಕಲಿತಿದ್ದ, ಬಗ್ಗಿ ನೋಡುವುದನ್ನು ಕಲಿತಿರಲಿಲ್ಲ.

"ಮರ ಬಿದ್ದರೂ ಇದು ನೆಲ ಮರೆತಿಲ್ಲ" ಎಂದು ಬೊಮ್ಮಾಚಾರಿ ಸೊಟ್ಟ ಅಣಬೆಯ ಮೇಲೆ ಕೈಯಿಟ್ಟ. ಅದು ಮಗುವಿನಂತೆ ಅವನ ಅಂಗೈಗೆ ಬಂತು. ಮಿರುಗುವ ಎರಡೂ ಟುಸ್ ಎಂದು ಹೊಗೆಯಾದವು.

ಬಿರುಗಣ್ಣ ಹಲ್ಲು ಕಡಿದ. ಆಮೇಲೆ ನಕ್ಕ. "ಒಯ್ಯಿ ಒಯ್ಯಿ. ಅದು ತಿಂದು ಮುಗಿಸಲು ಏಳು ವರ್ಷ ಬೇಕು. ಅಷ್ಟರಲ್ಲಿ ನೀನೇ ಇನ್ನೊಂದು ಮದುವೆಯಾಗಿರುತ್ತೀಯ."

ಬೊಮ್ಮಾಚಾರಿ ಅಣಬೆಯನ್ನು ಎದೆಗವಚಿಕೊಂಡು ಹೊರಟ. ಹೊನ್ನೆಮರಕ್ಕೆ ಬಂದು, ತಾನೇ ಕಡಿದಿದ್ದ ಗಾಯದಲ್ಲಿ ಅಣಬೆಯನ್ನಿಟ್ಟು, ಮರದ ಬುಡದಲ್ಲಿ ಗುಡಿಸಲು ಹಾಕಿಕೊಂಡ.

ನಾನಾಗಿದ್ದರೆ ಏಳು ವರ್ಷವನ್ನು ಏಳೇ ದಿನಕ್ಕೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದೆ. ಅವನು ಪಾಪ ಬಡಗಿ, ಕಾದ.

ದಿನಾ ಮಧ್ಯಾಹ್ನ ಒಳಗಿನಿಂದ ಮೂರು ತಟ್ಟು. ಅವನು ಹೊರಗಿನಿಂದ ಮೂರು ತಟ್ಟಿ, ಎಲೆ ಹಾಕಿಕೊಂಡು, ಮರಕ್ಕೆ ಬೆನ್ನು ಕೊಟ್ಟು ಉಣ್ಣುತ್ತಿದ್ದ. ಈಗ ಮಾತೆಲ್ಲ ಅವನದು. "ಇವತ್ತು ಉಪ್ಪು ಜಾಸ್ತಿಯಾಯಿತು ಕಣೇ. ಬೆಕ್ಕು ನಾಲ್ಕು ಮರಿ ಹಾಕಿದೆ. ನಿನ್ನ ಸೀರೆಗಳನ್ನು ಬಿಸಿಲಿಗೆ ಹಾಕಿದೆ. ಒಂದನ್ನು ಹಸು ತಿಂದಿತು, ಯಾವುದೆಂದು ಈಗಲೇ ಹೇಳಲಾರೆ."

ಅಣಬೆಯ ಅಂಚಿಗೆ ವರ್ಷಕ್ಕೊಂದು ಬಳೆ ಸೇರಿತು. ಮೊದಲ ವರ್ಷ ಮರ ತಟ್ಟಿದರೆ ಟಣ್ ಎನ್ನುತ್ತಿತ್ತು. ಮೂರನೆಯ ವರ್ಷ ಠೊಕ್. ಐದನೆಯ ವರ್ಷ ಡೊಬ್. ಮಂದಗಿವಿಯ ಬೊಮ್ಮಾಚಾರಿ ಈಗ ಒಂದೊಂದು ಸದ್ದನ್ನೂ ಬೇರೆ ಬೇರೆಯಾಗಿ ಕೇಳಬಲ್ಲವನಾಗಿದ್ದ. ಮರದ ಎಲೆ ಮಾತ್ರ ಹಸಿರಾಗಿಯೇ ಇತ್ತು, ಹೊತ್ತಿಗೆ ಸರಿಯಾಗಿ ಹೂವೂ ಬಿಡುತ್ತಿತ್ತು.

ಏಳನೆಯ ಬಳೆ ಮೂಡಿದ ದಿನ ಅವನು ತಟ್ಟಿದಾಗ ಮರ ಮದ್ದಳೆಯಂತೆ ನುಡಿಯಿತು. ಪೇಟ ಸುತ್ತಿದ್ದ ಗಾಯ ಬಾಗಿಲಿನಂತೆ ತೆರೆಯಿತು. ತಲೆಗೂದಲಿಗೆಲ್ಲ ಬಿಳಿ ಎಳೆ, ಕೆನ್ನೆಗೆ ಅಣಬೆಯ ಕಂದು ಧೂಳು, ಕೈಯಲ್ಲಿ ಕೊಡತಿ. ನೀಲಾಜಿ ಹೊರಗೆ ಬಂದಳು. ಅಣಬೆಯನ್ನು ನೋಡಿದಳು, ಅದರ ಅಡಿ ನೋಡಿದಳು, ಆಮೇಲೆ ಗಂಡನನ್ನು ನೋಡಿದಳು.

"ಸರಿಯಾದದ್ದನ್ನೇ ತಂದಿದ್ದೀರಿ. ಹಾಗಾದರೆ ಕೇಳಿಸಿಕೊಳ್ಳುತ್ತಿದ್ದಿರಿ?"

"ಅರ್ಧ" ಎಂದ ಅವನು.

"ನಾನು ಏಳು ವರ್ಷವೂ ಪೂರ್ತಿ ಕೇಳಿಸಿಕೊಂಡೆ" ಎಂದು ಅವಳು ಅವನ ನರೆತ ಕೂದಲು ಸವರಿದಳು. "ಹಸು ತಿಂದದ್ದು ಹಸಿರು ಸೀರೆಯಲ್ಲ ತಾನೇ?"

ಹಸಿರು ಸೀರೆಯೇ. ಅವನು ನೆಲ ನೋಡಿದ.

ನೀಲಾಜಿ ಗಂಡನನ್ನು ಕರೆದುಕೊಂಡು ನೇರ ಅರಮನೆಗೆ ನಡೆದಳು. "ಮಹಾರಾಜರೇ, ಅವತ್ತು ಹೇಳಲಾಗದೆ ಉಳಿದ ಮಾತು ಇದು. ಕಂಬದೊಳಗೆ ಒಂದು ಗುಂಡಿಗೆ ಬಡಿದುಕೊಳ್ಳುತ್ತಿದೆ. ಬಿರುಗಣ್ಣನ ಜೀವ ಇಲ್ಲೇ ಇದೆ, ಅದನ್ನು ಮುಚ್ಚಲೆಂದೇ ಈ ಚಿನ್ನ." ಬಿರುಗಣ್ಣ ಬೂದಿಗೆ ಕೈಹಾಕಿದ. ಬೊಮ್ಮಾಚಾರಿ ಅದಕ್ಕೂ ಮೊದಲೇ ತಗಡಿನ ಸಂದಿಗೆ ಕಂದುಕೊಳೆಯ ಚೂರನ್ನು ತುರುಕಿದ. ಅಣಬೆ ತಿನ್ನತೊಡಗಿದ್ದೇ ತಡ, ಬಿರುಗಣ್ಣನ ಬೂದಿ ಬರೀ ಒಲೆಯ ಬೂದಿಯಾಯಿತು, ಊದಿದರೆ ಅವನಿಗೇ ಸೀನು ಬಂತು. ಮೂರು ದಿನಕ್ಕೆ ಕಂಬ ಇಟ್ಟಿಗೆ ಇಟ್ಟಿಗೆಯಾಗಿ ಕುಸಿಯಿತು. ಉಡದ ಬಲದ ತಲೆ ಅಲ್ಲಿದ್ದಿದ್ದರೆ ಹಿಗ್ಗಿಹೋಗುತ್ತಿತ್ತು. ಪುಡಿಯೊಳಗಿಂದ ಅಂಟುವಾಳಕಾಯಿಯಷ್ಟು ಸಣ್ಣ ಗುಂಡಿಗೆಯೊಂದು ಉರುಳಿಬಂದು ಬಿರುಗಣ್ಣನ ಎದೆಗೂಡು ಸೇರಿತು. ಅವನು ಅಲ್ಲೇ ಕೂತು, ಸಾಮಾನ್ಯ ಮುದುಕನಾಗಿ, ಎಷ್ಟೋ ಕಾಲದ ಮೇಲೆ ಮೊದಲ ಸಲ ಅತ್ತ. ಮಣೆಯಾಗಿದ್ದ ಸೇನಾಪತಿ ಮತ್ತೆ ಮನುಷ್ಯನಾಗಿ ಎದ್ದು ಬೆನ್ನು ನೆಟ್ಟಗೆ ಮಾಡಿಕೊಂಡ.

"ಇವನನ್ನು ಏನು ಮಾಡೋಣ?" ಎಂದ ರಾಜ.

"ನಮ್ಮ ಮನೆಗೆ ಕಳಿಸಿ. ಮರದ ಹೊಟ್ಟು ಗುಡಿಸಲಿ. ಬಗ್ಗುವುದನ್ನು ಕಲಿಯಲಿ" ಎಂದಳು ನೀಲಾಜಿ.

ಹೊನ್ನೆಮರದ ಪೊಟರೆಗೆ ಮಂಗಟ್ಟೆ ದಂಪತಿಗಳು ಬಾಡಿಗೆಯಿಲ್ಲದೆ ಬಂದರು. ಸೊಟ್ಟ ಅಣಬೆ ವರ್ಷಕ್ಕೊಂದು ಬಳೆ ತೊಟ್ಟುಕೊಂಡು, ನೆಲ ನೋಡುತ್ತ ಅಲ್ಲೇ ಉಳಿಯಿತು. ಬೊಮ್ಮಾಚಾರಿ ಹೊಸ ಮಂಚ ಮಾಡಿದ. ಅವಳು ತಟ್ಟಿ ಹೂಂ ಎಂದ ಮೇಲೆಯೇ ಕೂತ. ಮಧ್ಯಾಹ್ನವಾದರೆ ಬಾಗಿಲ ಚೌಕಟ್ಟಿಗೆ ಟಕ್, ಟಕ್, ಟಕ್. ಅವನು ಓಡಿಬಂದು ಮಣೆಯ ಮೇಲೆ ಕೂತು, ಸಾರಿಗೆ ಕೈಹಾಕುವ ಮೊದಲೇ ಕೇಳುತ್ತಿದ್ದ:

"ಹೇಳು ಕಣೇ, ಇವತ್ತು ಯಾವ ಅಣಬೆ?"

ಅವರ ಸಾರು ಆರಲಿಲ್ಲ, ಮಾತು ಮುಗಿಯಲಿಲ್ಲ. ಅವರ ಮನೆಯ ಊಟಕ್ಕೆ ನಾನೂ ಹೋಗಿದ್ದೆ. ಮುದ್ದೆ ಹನ್ನೆರಡು ತಿಂದೆ. ನಂಬಿಕೆಯಿಲ್ಲದಿದ್ದರೆ ನನ್ನ ಹೊಟ್ಟೆ ತಟ್ಟಿ ನೋಡಿ, ಒಳಗೆ ಗಟ್ಟಿಯಾಗಿದೆ.