ಉಬ್ಬದ ಜೇಡಿ

1977ರ ನವೆಂಬರ್ 9, ಬುಧವಾರ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಹೊಸಕೋಟೆ ಠಾಣೆಗೆ ಮಣ್ಣು ಕಳುವಾದ ದೂರು ಬಂತು.

ದೂರು ತಂದವನು ಸಮೇತನಹಳ್ಳಿ ಕಲ್ಲುಗಣಿಯಲ್ಲಿದ್ದ ಸರ್ಕಾರಿ ಪ್ರಯೋಗ ಕೇಂದ್ರದ ಸಹಾಯಕ ವೆಂಕಟರಾಯಪ್ಪ. ಕೂಲಿಯಾಳು ಆವಲಪ್ಪ ರಾಜಸ್ಥಾನದಿಂದ ತರಿಸಿದ ಜೇಡಿಯನ್ನು ಮಾರಿಕೊಂಡು, ಪ್ರಯೋಗದ ಗುಂಡಿಗೆ ಕೆರೆಯ ಗೋಡುಮಣ್ಣು ತುಂಬಿದ್ದಾನೆ ಎಂಬುದು ಆರೋಪ. ಸಬ್ ಇನ್ಸ್‌ಪೆಕ್ಟರ್ ರಾಮಾಂಜಿನಪ್ಪ ಎಫ್.ಐ.ಆರ್. ದಾಖಲಿಸಿ, ಕಾನ್‌ಸ್ಟೇಬಲ್ ಪಿಳ್ಳಪ್ಪನನ್ನು ಜೀಪಿಗೆ ಹತ್ತಿಸಿಕೊಂಡು ಹೊರಟರು.

ಕೇಂದ್ರದ ಮುಖ್ಯಸ್ಥೆ ಡಾ. ವರಲಕ್ಷ್ಮಮ್ಮ ಗುಂಡಿ ತೋರಿಸಿದರು. "ಅಣುಶಕ್ತಿ ಕೆಲಸದಲ್ಲಿ ಉಳಿಯೋ ವಿಷದ ಕಸಾನ ಬಂಡೆಯೊಳಗೆ ಹೂಳಬೇಕು ಅಂತ ಯೋಚನೆ ಇದೆ. ಪೆಟ್ಟಿಗೆಗೂ ಬಂಡೆಗೂ ನಡುವೆ ಈ ಜೇಡಿ ಬಡೀತೀವಿ. ನೀರು ತಾಗಿದ್ರೆ ಉಬ್ಬಿ ಸಂದೆಲ್ಲ ಮುಚ್ಚುತ್ತೆ."

ಪಿಳ್ಳಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ಆ ಕಸ ಇಲ್ಲೈತಾ ಮೇಡಂ?"

"ಇಲ್ಲಪ್ಪ. ಬರೀ ಕಬ್ಬಿಣದ ಡ್ರಮ್ಮು, ಒಳಗೆ ಕರೆಂಟಿನ ಹೀಟರು."

ಪಿಳ್ಳಪ್ಪ ಒಂದು ಹೆಜ್ಜೆ ಮಾತ್ರ ಮುಂದೆ ಬಂದ.

ಐವತ್ತು ದಿನ ನೀರುಣಿಸಿದರೂ ಜೇಡಿ ಉಬ್ಬಿರಲಿಲ್ಲ, ಒತ್ತಡದ ಮಾಪಕದ ಮುಳ್ಳು ಏರಿರಲಿಲ್ಲ. ಹಿಂದಿನ ದಿನ ಗುಂಡಿ ಬಗೆದು ಜೇಡಿಯನ್ನು ಬೇಲಿಯಾಚೆ ರಾಶಿ ಹಾಕಿದ್ದರು.

ಆವಲಪ್ಪ ಮಣ್ಣು ಬಡಿಯುವ ದಿಮ್ಮಸಿನ ಹಿಡಿಗೆ ಗಲ್ಲ ಆನಿಸಿಕೊಂಡು ಕೂತಿದ್ದ. ಐದು ತಲೆಮಾರಿನಿಂದ ಮಣ್ಣಿನ ಗೋಡೆ ಕಟ್ಟುವ ಮನೆಯವನು.

"ಜೇಡಿ ಯಾರಿಗೆ ಮಾರ್ದೆ?" ಎಂದರು ರಾಮಾಂಜಿನಪ್ಪ.

"ಮಾರಿಲ್ಲ ಸ್ವಾಮಿ. ಮುಷ್ಟಿಲಿ ಉಂಡೆ ಕಟ್ಟಿ, ಹದ ನೋಡಿ ಬಡ್ದಿದ್ದು ಇದೇ ಕೈ. ಮಣ್ಣು ಕದ್ದ ಅಂತ ಊರಿಗೆ ಗೊತ್ತಾದ್ರೆ ನನ್ನ ಮಕ್ಕಳ್ನೂ ಯಾರೂ ಗೋಡೆಗೆ ಕರೆಯಾಕಿಲ್ಲ."

ಕಚೇರಿಯ ಗೋಡೆಯ ಮೇಲೊಂದು ಫೋಟೊ ಇತ್ತು. ಬೊಂಬಾಯಿಯಿಂದ ಬಂದ ಅಧಿಕಾರಿಗಳ ನಡುವೆ, ದಿಮ್ಮಸು ಹಿಡಿದ ಆವಲಪ್ಪ. ರಾಮಾಂಜಿನಪ್ಪ ವೆಂಕಟರಾಯಪ್ಪನ ಕಡೆ ತಿರುಗಿದರು.

"ಇದರಲ್ಲಿ ನೀವಿಲ್ವಲ್ಲ?"

"ತೆಗೆದವನು ನಾನೇ," ಎಂದ ವೆಂಕಟರಾಯಪ್ಪ.

ಪಂಚನಾಮೆಗೆ ಮಾದರಿ ತೆಗೆಯಲು ಹೊರಬಂದಾಗ ಮಧ್ಯಾಹ್ನ ಒಂದು ಗಂಟೆ. ಮೂರು ಹಸುಗಳು ರಾಶಿಗೆ ಮೂತಿಯಿಟ್ಟು ಬಿಡದೆ ನೆಕ್ಕುತ್ತಿದ್ದವು. ಓಡಿಸಿದರೂ ತಿರುಗಿ ಬಂದವು. ಪಿಳ್ಳಪ್ಪ ಒಂದು ಚೂರನ್ನು ನಾಲಿಗೆಗೆ ಮುಟ್ಟಿಸಿಕೊಂಡ.

"ಸಾರ್, ಉಪ್ಪು!"

ಗುಂಡಿಗೆ ನೀರುಣಿಸುತ್ತಿದ್ದ ಪೀಪಾಯಿಯ ತಳದಲ್ಲೂ ಉಪ್ಪು ಕಟ್ಟಿತ್ತು. ಅದಕ್ಕೆ ಹಾಕಿದ್ದ ಬೀಗದ ಕೈ ಇದ್ದದ್ದು ಇಬ್ಬರ ಬಳಿ: ಮುಖ್ಯಸ್ಥೆ ಮತ್ತು ಸಹಾಯಕ.

ವರಲಕ್ಷ್ಮಮ್ಮ ಜೇಡಿಯನ್ನು ಉಜ್ಜಿ ನೋಡಿದರು. "ಇದು ನಮ್ಮದೇ ಜೇಡಿ. ಉಪ್ಪು ನೀರಲ್ಲಿ ಉಬ್ಬಲ್ಲ. ಹೋದ ವರ್ಷ ಗಾಜಿನ ಲೋಟದಲ್ಲಿ ಪರೀಕ್ಷೆ ಮಾಡಿದ್ವಿ."

"ಆವಲಪ್ಪನಿಗೆ ಗೊತ್ತಾ?"

"ಅವರು ಸೇರಿದ್ದೇ ಈ ವರ್ಷ. ಆ ಪರೀಕ್ಷೆ ಮಾಡಿ ಬರೆದಿಟ್ಟದ್ದು ವೆಂಕಟರಾಯಪ್ಪ."

ನಾಲ್ಕು ಗಂಟೆಗೆ ಸಮೇತನಹಳ್ಳಿಯ ದಿನಸಿ ಅಂಗಡಿಯಲ್ಲಿ ಅದರ ಒಡತಿ ಮುನಿಗಂಗಮ್ಮ ಹೇಳಿಕೆ ಕೊಟ್ಟಳು. "ಗೌರಿಹಬ್ಬದ ಹಿಂದಿನ ವಾರ ಇಪ್ಪತ್ತು ಕಿಲೋ ಕಲ್ಲುಪ್ಪು ತಗಂಡೋದ್ರು ವೆಂಕಟರಾಯಪ್ಪನೋರು. ಮಾವಿನಕಾಯಿ ಉಪ್ಪಿನಕಾಯಿಗೆ ಅಂದ್ರು. ಗೌರಿಹಬ್ಬಕ್ಕೆ ಯಾವ ಮರ ಕಾಯಿ ಬಿಡ್ತದೆ ಸ್ವಾಮಿ? ನಕ್ಬಿಟ್ಟೆ. ಅವ್ರು ನಗ್ಲಿಲ್ಲ."

ಮರುದಿನ ಬೆಳಿಗ್ಗೆ ಠಾಣೆಯಲ್ಲಿ ರಾಮಾಂಜಿನಪ್ಪ ಅದೇ ಫೋಟೊವನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಪರೀಕ್ಷೆಯ ನೋಟ್‌ಪುಸ್ತಕ ತೆರೆದರು. ವೆಂಕಟರಾಯಪ್ಪ ಪುಸ್ತಕದ ಕಡೆ ನೋಡಲಿಲ್ಲ.

"ಆರು ವರ್ಷ ಸಾರ್. ಬಿ.ಎಸ್ಸಿ. ಮಾಡ್ಕೊಂಡು ಆರು ವರ್ಷ ಈ ಜೇಡಿ ತೂಗಿದೀನಿ, ಒಣಗಿಸಿದೀನಿ. ಅವನು ಬಂದು ಆರು ತಿಂಗಳಿಲ್ಲ. ಬೊಂಬಾಯಿಯವರು ಬಂದ ದಿನ ಮೇಡಂ ಅವನ ಕೈ ಹಿಡಿದು ತೋರಿಸಿದ್ರು, ಇಂಥ ಕೈ ನಮಗೆ ಸಿಕ್ಕಿದ್ದು ಪುಣ್ಯ ಅಂತ. ನನಗೆ ಕ್ಯಾಮೆರಾ ಕೊಟ್ಟು, ಸ್ವಲ್ಪ ಹಿಂದೆ ಹೋಗಿ ಅಂದ್ರು."

"ಅದಕ್ಕೇ?"

"ಅವನು ಬಡಿದ ಜೇಡಿ ಒಂದ್ಸಲ ಸೋಲಬೇಕಿತ್ತು ಸಾರ್. ಅಷ್ಟೆ."

ಸುಳ್ಳು ದೂರು ಮತ್ತು ಸರ್ಕಾರಿ ಸ್ವತ್ತಿಗೆ ಹಾನಿ ಮಾಡಿದ ಆರೋಪದ ಮೇಲೆ, ನ್ಯಾಯಾಲಯದ ಅನುಮತಿ ಪಡೆದು, ಅಂದು ಸಂಜೆ ಐದೂವರೆಗೆ ವೆಂಕಟರಾಯಪ್ಪನನ್ನು ದಸ್ತಗಿರಿ ಮಾಡಲಾಯಿತು. ಆವಲಪ್ಪನ ಮೇಲೆ ಕಳವಿನ ಪುರಾವೆ ಇಲ್ಲವೆಂದು ವರದಿ ಹೋಯಿತು.

ನವೆಂಬರ್ 16ರಂದು ಆವಲಪ್ಪ ದಿಮ್ಮಸು ಹಿಡಿದು ಗುಂಡಿಗಿಳಿದು ಹೊಸ ಜೇಡಿ ಬಡಿಯತೊಡಗಿದ. ಅವತ್ತು ಫೋಟೊ ತೆಗೆಯಲು ಕೇಂದ್ರದಲ್ಲಿ ಯಾರೂ ಇರಲಿಲ್ಲ.