ಗಲ್ಲದ ಕೆಳಗೆ ಎರಡು ಬೆರಳು

“ನಿಲ್ಲಿ ಅಲ್ಲೇ!”

ಸ್ಕೇಟ್‌ಪಾರ್ಕಿನ ಗೇಟು ಕಾಯುವ ಅವಳು ಸೀಟಿ ಊದಿದಳೆಂದರೆ ಮುಗಿಯಿತು, ಒಳಗೆ ಇಳಿಜಾರಿನಲ್ಲಿ ಸ್ಕೇಟ್‌ಬೋರ್ಡಿನ ಮೇಲೆ ಹಾರುತ್ತಿದ್ದವರೂ ಒಮ್ಮೆ ತಿರುಗಿ ನೋಡುತ್ತಿದ್ದರು. ಹೆಲ್ಮೆಟ್ ಇಲ್ಲದೆ, ಮೊಣಕಾಲಿಗೆ ಪ್ಯಾಡ್ ಇಲ್ಲದೆ ದೊಡ್ಡಪ್ಪನ ಮಗ ಬಂದರೂ ಬಿಡುವವಳಲ್ಲ. ಪಟ್ಟಿ ಬಿಗಿಯಾಗಿದೆಯೇ ಎಂದು ಪ್ರತಿಯೊಬ್ಬರ ಗಲ್ಲದ ಕೆಳಗೂ ಎರಡು ಬೆರಳು ತೂರಿಸಿ ನೋಡುತ್ತಿದ್ದಳು. ಬೆನ್ನ ಹಿಂದೆ ಎಲ್ಲರೂ ‘ವಿಷಲ್ ಮೇಡಂ’ ಎನ್ನುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ದಿನಾ ಸಂಜೆ ಬರುವ ಒಬ್ಬ ನೀಲಿ ಶರ್ಟಿನವನಿಗೆ ಮಾತ್ರ ಯಾವ ಸೀಟಿಯೂ ನಾಟುತ್ತಿರಲಿಲ್ಲ.

“ಏನ್ರೀ ಇದು, ಇಡೀ ಕೈಯೇ ಹೋಗತ್ತಲ್ಲ!”

“ಎಷ್ಟು ಕಲಿತ್ರೂ ಬರಲ್ಲ ಮೇಡಂ. ನೀವೇ ಒಂಚೂರು...”

ಹಾಗೆಂದು ಗಲ್ಲ ಎತ್ತಿ ಸಾಧುವಿನಂತೆ ಆಕಾಶ ನೋಡುತ್ತ ನಿಲ್ಲುವನು. ಅವಳ ಬೆರಳು ತಾಗಿದಾಗ ಕಣ್ಣು ಒಂದೇ ಒಂದು ಕ್ಷಣ ಕೆಳಗಿಳಿದು ಅವಳನ್ನು ನೋಡಿ, ಕಳ್ಳನ ಹಾಗೆ ಮತ್ತೆ ಮೋಡಕ್ಕೆ ಹೋಗುವುದು.

ಇದೇ ತಪ್ಪಿಗೆ ಬೇರೆಯವರನ್ನು ಅವಳು ಒಂದು ತಿಂಗಳು ಹೊರಗಿಟ್ಟಿದ್ದಳು. ಇವನನ್ನು ಯಾಕೆ ಬಿಟ್ಟೆ ಎಂದು ತನ್ನನ್ನೇ ಕೇಳಿಕೊಳ್ಳಲು ಹೆದರಿಕೆ. ಹೊರಗಿಟ್ಟರೆ ಸಂಜೆಗಳನ್ನು ಕಳೆಯುವುದು ಹೇಗೆ?

ಒಂದು ಸಂಜೆ ಅವನು ತಾಯಿಯನ್ನೂ ಕರೆತಂದ.

“ನಾನೂ ಕಲೀತೀನಮ್ಮ. ವಯಸ್ಸಾದವರು ಬರಬಾರದು ಅಂತ ನಿಮ್ಮ ಬೋರ್ಡಲ್ಲಿ ಬರ್ದಿಲ್ವಲ್ಲ?”

ಅವಳು ನಗುತ್ತ ತಾಯಿಯ ಗಲ್ಲದ ಕೆಳಗೆ ಬೆರಳು ತೂರಿಸಿದಳು. ಸರಿಯಾಗಿ ಎರಡೇ ಬೆರಳು.

“ಎಷ್ಟು ಚೆನ್ನಾಗಿ ಕಟ್ಕೊಂಡಿದೀರಿ ಅಮ್ಮ!”

“ನಾನೆಲ್ಲಿ? ಮಗನೇ ಕಟ್ಟಿದ್ದು. ಬ್ಯಾಗ್ ರಿಪೇರಿ ಅಂಗಡಿ ಅಲ್ವಾ ಅವನ್ದು, ಬೆಳಗಾದ್ರೆ ಬಕಲ್ಲು, ಪಟ್ಟಿ, ಅದೇ ಕೆಲಸ.”

ಅವನ ಮುಖ ಇಂಗು ತಿಂದ ಮಂಗನಂತಾಯಿತು. ತಾಯಿ ಮಗನನ್ನು ನೋಡಿದಳು, ಅವಳನ್ನು ನೋಡಿದಳು. “ನಾನು ಆ ಬೆಂಚಲ್ಲಿ ಕೂತಿರ್ತೀನಪ್ಪ” ಎಂದು ಮೆಲ್ಲಗೆ ಜಾರಿಕೊಂಡಳು.

ವಿಷಲ್ ಮೇಡಂಗೆ ನಿಜವಾಗಿಯೂ ಸಿಟ್ಟು ಬಂದಿತ್ತು. “ಬಿದ್ದು ತಲೆ ಒಡ್ಕೊಂಡಿದ್ರೆ ನಾನೇನ್ ಮಾಡ್ಬೇಕಿತ್ತು?”

“ನೀವು ಬಿಗಿ ಮಾಡದೆ ಒಂದಿನಾನೂ ಸ್ಕೇಟ್‌ಬೋರ್ಡ್ ಹತ್ತಿಲ್ಲ, ಆಣೆ. ಸಡಿಲ ಮಾಡ್ತಿದ್ದಿದ್ದೇ ಈ ಗೇಟ್ ಹತ್ರ ಬಂದ್ಮೇಲೆ.” ಅವನ ದನಿ ಇಳಿಯಿತು. “ನೀವಂದ್ರೆ ನಂಗೆ ತುಂಬಾ ಇಷ್ಟ. ಹೇಳಕ್ಕೆ ಬಾಯೇ ಬರ್ಲಿಲ್ಲ.”

ಸಿಟ್ಟಿನ ಮಧ್ಯೆಯೇ ಅವಳಿಗೆ ನಗು ಉಕ್ಕಿತು. ತುಟಿ ಕಚ್ಚಿ ತಡೆದಳು. ಇನ್ನೂ ಬಿಟ್ಟರೆ ತನ್ನ ಸೀಟಿಗೆ ಬೆಲೆಯೇ ಇರುವುದಿಲ್ಲ.

“ಒಂದು ತಿಂಗಳು ಪಾರ್ಕಿಗೆ ಕಾಲಿಡೋ ಹಾಗಿಲ್ಲ.”

ಅವನು ಪೆಚ್ಚಾಗಿ ಬೋರ್ಡನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ತಾಯಿ ಕೂತಿದ್ದ ಬೆಂಚಿನ ಕಡೆ ನಾಲ್ಕು ಹೆಜ್ಜೆ ಹೋಗಿರಬಹುದು.

“ಏನ್ರೀ, ಗೇಟಿನಾಚೆ ನನ್ನ ರೂಲ್ಸ್ ನಡೆಯಲ್ಲ. ಪಾರ್ಕ್ ಮುಚ್ಚಿದ್ಮೇಲೆ ನಾನು ನಡ್ಕೊಂಡೇ ಮನೆಗೆ ಹೋಗೋದು.”

ಮರುದಿನ ಬೀಗ ಹಾಕಿ ತಿರುಗಿದರೆ ಅವನು ಫುಟ್‌ಪಾತಿನಲ್ಲಿ ನಿಂತಿದ್ದ. ಕೈಯಲ್ಲಿ ಬೋರ್ಡಿಲ್ಲ, ತಲೆಯ ಮೇಲೆ ಮಾತ್ರ ಹೆಲ್ಮೆಟ್ಟು! ಅವಳು ಬಿದ್ದು ಬಿದ್ದು ನಕ್ಕಳು. ಹತ್ತಿರ ಹೋಗಿ ಗಲ್ಲದ ಕೆಳಗೆ ಎರಡು ಬೆರಳು ತೂರಿಸಿದಳು. ಈ ಸಲ ಪಟ್ಟಿ ಸರಿಯಾಗಿತ್ತು. ಅವನೂ ಆಕಾಶ ನೋಡಲಿಲ್ಲ, ಅವಳನ್ನೇ ನೋಡುತ್ತಿದ್ದ.

“ಪಾಸಾ ಮೇಡಂ?”

“ಇರ್ರಿ,” ಎಂದಳು ಬೆರಳು ತೆಗೆಯದೆ, “ಇನ್ನೊಂದ್ಸಲ ನೋಡ್ತೀನಿ.”