ಅರ್ಧ ಉಜ್ಜಿದ ಲಾಂದ್ರ

"ಅಜ್ಜೀ! ನಿಲ್ಸು! ಉಜ್ಬೇಡ!"

ಭೂಮಿಕಾ ಸ್ಕೂಲ್ ಬ್ಯಾಗನ್ನು ಬಾಗಿಲಲ್ಲೇ ಎಸೆದು ಹಿತ್ತಲಿಗೆ ಓಡಿದಳು. ಒಗೆಯುವ ಕಲ್ಲಿನ ಮೇಲೆ ಅವಳ ಲಾಂದ್ರ ಕೂತಿತ್ತು. ಗಿರಿಯಮ್ಮಜ್ಜಿ ಹುಣಸೆಹಣ್ಣು, ಬೂದಿ ಮೆತ್ತಿದ ತೆಂಗಿನ ನಾರಿನಿಂದ ಅದನ್ನು ಗಸಗಸ ಉಜ್ಜುತ್ತಿದ್ದಳು.

"ಯಾಕೆ ಹಿಂಗ್ ಕಿರುಚ್ತೀಯೇ? ಸ್ಕೂಲಿಗೆ ತಗೊಂಡೋಗೋ ಸಾಮಾನು. ಮಸಿ ಮೆತ್ಕೊಂಡು ಹೋದ್ರೆ ಚೆನ್ನಾಗಿರ್ತದಾ? ದೇವ್ರ ದೀಪ ಆಗಿದ್ರೆ ಇಷ್ಟೊತ್ತಿಗೆ ಫಳಫಳ ಅನ್ನೋದು. ಇದು ಬಲು ಮೊಂಡು ಕಣೇ."

ಅದು ದೇವರ ದೀಪವಲ್ಲ, ಚೌಕನೆಯ ಬೀದಿ ಲಾಂದ್ರ. ಕರೆಂಟ್ ಇಲ್ಲದ ಕಾಲದಲ್ಲಿ ಸೀಮೆಎಣ್ಣೆ ತುಂಬಿ ಬೀದಿ ಕಂಬಕ್ಕೆ ಹಾಕುತ್ತಿದ್ದದ್ದು. ಗುಬ್ಬಿಯ ಸಂತೆ ಬೀದಿಯಲ್ಲಿ ಗಂಗರಾಜು ಮಾವನ ಗುಜರಿ ಅಂಗಡಿ ಇದೆ. ಅಲ್ಲಿ ಸುತ್ತಿಗೆ ಏಟು ಬೀಳುವ ಮೊದಲೇ ಭೂಮಿಕಾ ಇದನ್ನು ಅಪ್ಪಿ ಹಿಡಿದು ತಂದಿದ್ದಳು. ಇಂಥವೇ ಇನ್ನೆರಡು ಅವಳ ಮಂಚದ ಕೆಳಗಿವೆ. ಆದರೆ ನಂಬರ್ ಇದ್ದದ್ದು ಇದೊಂದಕ್ಕೇ. ಯಾವ ಕಂಬದ್ದು ಅಂತ ಗುರುತಿಗೆ ಹಸಿರು ಬಣ್ಣದ ಮೇಲೆ ಯಾರೋ ಬಿಳಿಯಲ್ಲಿ ಬರೆದಿದ್ದರು.

ಈಗ ಆ ಪಕ್ಕದಲ್ಲಿ ಬರೀ ತಗಡು ಹೊಳೆಯುತ್ತಿತ್ತು.

ನಂಬರ್ ಆರೋ, ಒಂಬತ್ತೋ? ಮೊದಲೇ ಅರ್ಧ ಮಾಸಿತ್ತು. ಎಷ್ಟು ನೆನೆಸಿಕೊಂಡರೂ ಹೊಳೆಯಲಿಲ್ಲ.

"ಒಳ್ಳೇದಾಗ್ಲಿ ಅಂತ ಉಜ್ಜಿದ್ನಲ್ಲೇ..." ಅಂದಳು ಅಜ್ಜಿ.

ಭೂಮಿಕಾ ಲಾಂದ್ರ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಮಂಜುಶ್ರೀ ಮಿಸ್ ಲಾಂದ್ರವನ್ನು ಸುತ್ತ ತಿರುಗಿಸಿ ನೋಡಿದರು. "ಇದೇನು ಭೂಮಿಕಾ, ಒಂದ್ ಕಡೆ ಬೆಳ್ಳಿ, ಒಂದ್ ಕಡೆ ಇದ್ದಿಲು? ಶನಿವಾರ ಎಕ್ಸಿಬಿಷನ್‌ಗೆ ತುಮಕೂರಿಂದ ಆಫೀಸರ್ ಬರ್ತಾರೆ. ಉಳಿದಿದ್ದನ್ನೂ ಉಜ್ಜಿಸ್ಕೊಂಡು ಬಾ."

ನಂಬರಿನ ಕಥೆಯನ್ನು ಬೆಳಿಗ್ಗೆಯೇ ಕೇಳಿದ್ದ ಪಕ್ಕದ ಬೆಂಚಿನ ಅಂಜನ್‌ಕುಮಾರ್ ಪಿಸುಗುಟ್ಟಿದ. "ನಮ್ಮನೇಲಿ ಗ್ರೀನ್ ಪೇಂಟ್ ಇದೆ ಕಣೇ. ಬಳಿದು, ಮೇಲೆ ಆರು ಅಂತ ಬರ್ದುಬಿಡು. ಯಾರಿಗ್ ಗೊತ್ತಾಗುತ್ತೆ?"

"ನಂಗ್ ಗೊತ್ತಾಗುತ್ತೆ."

"ಹಂಗಾದ್ರೆ ಒಂಬತ್ತು ಬರಿ!" ಅಂಜನ್ ಈಗ ಜೋರಾಗಿಯೇ ಅಂದ.

ಇಡೀ ಕ್ಲಾಸ್ ನಕ್ಕಿತು. ಭೂಮಿಕಾ ಎದ್ದು ನಿಂತಳು. "ನಾನು ಉಜ್ಜಲ್ಲ ಮಿಸ್. ಪೇಂಟೂ ಹೊಡೆಯಲ್ಲ. ಉಳಿದಿರೋ ಬಣ್ಣನಾದ್ರೂ ಇರ್ಬೇಕು."

"ಹೀಗೇ ತಂದ್ರೆ ಟೇಬಲ್ ಮೇಲೆ ಇಡೋ ಹಾಗಿಲ್ಲ."

"ಟೇಬಲ್ ಬೇಡ ಮಿಸ್."

ಈಗ ಯಾರೂ ನಗಲಿಲ್ಲ.

ಶನಿವಾರ ಎಲ್ಲರ ಮಾಡೆಲ್‌ಗಳೂ ಹಾಲ್ ಒಳಗಿದ್ದವು. ಭೂಮಿಕಾ ಹೊರಗಿನ ವರಾಂಡದಲ್ಲಿ ಪೇಪರ್ ಹಾಸಿ ಲಾಂದ್ರ ಇಟ್ಟಳು. ಹೊಳೆಯುವ ಪಕ್ಕವನ್ನು ಗೋಡೆಗೆ ತಿರುಗಿಸಿದಳು. ಮುಂದೆ ಒಂದು ರಟ್ಟು ನಿಲ್ಲಿಸಿ, ತಾನೂ ಚಕ್ಕಳಮಕ್ಕಳ ಹಾಕಿ ಕೂತಳು.

ಸ್ವಲ್ಪ ಹೊತ್ತಿಗೆ ಅಜ್ಜಿ ಬಂದಳು. ಹಬ್ಬದ ಸೀರೆ ಉಟ್ಟಿದ್ದಳು.

"ಏನ್ ಬರ್ದಿದೀಯ ಅದ್ರಲ್ಲಿ? ಓದು, ಕೇಳನ."

ಭೂಮಿಕಾ ತಲೆ ಬಗ್ಗಿಸಿ ಓದಿದಳು. "ಹಳೆಯ ಬೀದಿ ಲಾಂದ್ರ. ಇದಕ್ಕೆ ಒಂದು ನಂಬರ್ ಇತ್ತು. ಆರೋ ಒಂಬತ್ತೋ ಗೊತ್ತಿಲ್ಲ. ಯಾರೋ ಉಜ್ಜಿಬಿಟ್ಟರು." ಕೊನೆಯ ಮಾತು ಕೇಳಿಸಿದ್ದು ಅರ್ಧವೇ.

"ಯಾರೋ ಅಂದ್ರೆ ಯಾರೇ? ರಾತ್ರಿ ಕಳ್ರು ಬಂದು ಉಜ್ಜೋದ್ರಾ?" ಅಜ್ಜಿ ಸೊಂಟಕ್ಕೆ ಕೈ ಇಟ್ಟಳು. "ನನ್ ಹೆಸ್ರು ಹಾಕು."

"ಎಲ್ರೂ ನಗ್ತಾರೆ ಅಜ್ಜಿ."

"ನಗ್ಲಿ ಬುಡು. ಆ ಅಂಜನ್ ಎಲ್ಲಾ ಹೇಳ್ದ. ಕ್ಲಾಸಲ್ಲಿ ನೀನೊಬ್ಳೇ ಎದ್ದು ನಿಂತ್ಕಂಡಂತೆ. ನಾನು ಮಾತ್ರ ಬಚ್ಚಿಟ್ಕೊಂಡು ಕೂರ್ಬೇಕಾ? ಬರಿಯೇ."

ಭೂಮಿಕಾ ಪೆನ್ ತೆಗೆದು 'ಯಾರೋ' ಎಂಬುದನ್ನು ಹೊಡೆದು ಹಾಕಿದಳು. ಅದರ ಮೇಲೆ 'ನಮ್ಮ ಅಜ್ಜಿ ಗಿರಿಯಮ್ಮ' ಎಂದು ಬರೆದಳು. ಆಮೇಲೆ ಲಾಂದ್ರವನ್ನು ಮೂಲೆ ಮುಂದೆ ಬರುವಂತೆ ತಿರುಗಿಸಿದಳು. ಎಡಕ್ಕೆ ಮಸಿ ಹಿಡಿದ ಹಸಿರು, ಬಲಕ್ಕೆ ಬೋಳು ತಗಡು.

ಅಷ್ಟರಲ್ಲಿ ಮಿಸ್ ಅವಸರದಿಂದ ಬಂದರು. "ಆಫೀಸರ್ ಬಂದ್ರು. ಒಳಗೆ ಒಂದ್ ಟೇಬಲ್ ಖಾಲಿ ಇದೆ, ಬೇಗ ಎತ್ಕೊ. ಹಳೇ ಕಡೆ ಮುಂದಕ್ಕಿಟ್ಟು, ಉಜ್ಜಿರೋದನ್ನ ಹಿಂದೆ ಮಾಡು. ಚೆನ್ನಾಗೇ ಕಾಣುತ್ತೆ."

ಭೂಮಿಕಾ ಹಾಲ್ ಕಡೆ ನೋಡಿದಳು. ಬಿಳಿ ಬಟ್ಟೆ ಹಾಸಿದ ಟೇಬಲ್. ಅದರ ಮೇಲೆ ಲೈಟ್. ಬೆಳಿಗ್ಗೆಯಾಗಿದ್ದರೆ ಓಡಿ ಹೋಗುತ್ತಿದ್ದಳೇನೋ.

"ಎರಡೂ ಕಡೆ ಕಾಣ್ಬೇಕು ಮಿಸ್. ಈ ರಟ್ಟೂ ಬೇಕು."

ಮಿಸ್ ರಟ್ಟು ಓದಿದರು. ಅಜ್ಜಿಯ ಮುಖ ನೋಡಿದರು.

"ಉಜ್ಜಿದ್ದು ನಾನೇ ತಾಯಿ," ಅಂದಳು ಅಜ್ಜಿ. "ಆ ಕಡೆ ಮುಟ್ಟಕ್ಕೆ ಇವ್ಳು ಬುಡ್ಲಿಲ್ಲ."

ಒಳಗಿನಿಂದ ಯಾರೋ ಕರೆದರು. ಮಿಸ್ ಲಾಂದ್ರವನ್ನು ಅಲ್ಲೇ ಬಿಟ್ಟು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಹಾಲಿನಿಂದ ಚಪ್ಪಾಳೆ ಕೇಳಿಸಿತು.

ಅಜ್ಜಿ ಇನ್ನೂ ನಿಂತೇ ಇದ್ದಳು. ಭೂಮಿಕಾ ಲಾಂದ್ರವನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಸರಿಸಿದಳು. ಪೇಪರಿನ ಮೇಲೆ ಅಜ್ಜಿಗೆ ಕೂರುವಷ್ಟು ಜಾಗ ಆಯಿತು.